ಚಂಡಮಾರುತಕ್ಕೆ ಆರನೆಯ ದರ್ಜೆ: ಬೇಕೇ, ಐದೇ ಸಾಕೇ?

ಚಂಡಮಾರುತಗಳನ್ನು ಗಾಳಿಯ ವೇಗದ ಮೇಲೆ ಐದು ದರ್ಜೆಗಳಾಗಿ ವಿಂಗಡಿಸುವ ಅಮೆರಿಕದ ಸಫೀರ್–ಸಿಂಪ್ಸನ್ ಮಾಪಕದಲ್ಲಿ, ವೇಗ ಗಂಟೆಗೆ 252 ಕಿ.ಮೀ. ತಲುಪಿದೊಡನೆ ಐದನೆಯ ದರ್ಜೆ ಆರಂಭವಾಗುತ್ತದೆ, ಅದಕ್ಕೆ ಮೇಲ್ಮಿತಿಯಿಲ್ಲ. ಹೀಗಾಗಿ 2015ರಲ್ಲಿ ಸುಮಾರು 345 ಕಿ.ಮೀ. ವೇಗ ಮುಟ್ಟಿದ ಪೆಟ್ರೀಷಿಯಾ ಚಂಡಮಾರುತ ಕೂಡ ಅದೇ ದರ್ಜೆಯಲ್ಲಿ ಉಳಿಯಿತು. 2024ರಲ್ಲಿ ವಿಜ್ಞಾನಿಗಳಾದ ಮೈಕೆಲ್ ವೆನರ್ ಮತ್ತು ಜೇಮ್ಸ್ ಕಾಸಿನ್ ಅವರು 309 ಕಿ.ಮೀ.ಯಿಂದ ಮೇಲಕ್ಕೆ ಆರನೆಯ ದರ್ಜೆಯನ್ನು ಕಲ್ಪಿಸಿ, 2013ರ ಹೈಯಾನ್ ಸೇರಿದಂತೆ ಐದು ಚಂಡಮಾರುತಗಳು ಆ ಮಟ್ಟ ಮುಟ್ಟಿದ್ದವೆಂದು ತೋರಿಸಿದರು. ಕಡಲು ಬಿಸಿಯಾಗುತ್ತಿರುವುದರ ಪರಿಣಾಮವನ್ನು ಜನರಿಗೆ ಮನಗಾಣಿಸುವುದು ಗುರಿಯಾದರೆ ಈ ಸೇರ್ಪಡೆ ಅರ್ಥಪೂರ್ಣವೇ.

ಆದರೆ ಕರಾವಳಿಯವರ ಜೀವ ಉಳಿಸುವುದು ಗುರಿಯಾದರೆ ನನ್ನ ಆಯ್ಕೆ ಐದು ದರ್ಜೆಗಳೇ. ಮಾಪಕ ಅಳೆಯುವುದು ಗಾಳಿಯನ್ನು ಮಾತ್ರ. ಹೆಚ್ಚು ಜೀವ ತೆಗೆಯುವುದು ಉಕ್ಕಿ ಬರುವ ಕಡಲು ಮತ್ತು ಮಳೆ. 2005ರಲ್ಲಿ ಲೂಯಿಸಿಯಾನಕ್ಕೆ ಅಪ್ಪಳಿಸಿದಾಗ, ಅನೇಕರ ಜೀವ ತೆಗೆದ ಕತ್ರೀನಾ ಮೂರನೆಯ ದರ್ಜೆಯಲ್ಲಷ್ಟೇ ಇತ್ತು. 2018ರ ಫ್ಲಾರೆನ್ಸ್ ಒಂದನೆಯ ದರ್ಜೆಗೆ ಇಳಿದು ದಡ ಸೇರಿದರೂ ನಾರ್ತ್ ಕೆರೊಲಿನಾದ ಊರುಗಳನ್ನು ಮುಳುಗಿಸಿತು. ಮೇಲೊಂದು ದರ್ಜೆ ಸೇರಿದರೆ ಇಂಥವು ಇನ್ನಷ್ಟು ಹಗುರವಾಗಿ ಕಾಣುವ ಭಯವಿದೆ. ಐದನೆಯ ದರ್ಜೆಯೇ ಮನೆ ಬಿಟ್ಟು ಹೊರಡಬೇಕಾದ ಮಟ್ಟವಾಗಿರುವಾಗ, ಆರನೆಯದು ಕೇಳಿದವರು ಬೇರೇನು ಮಾಡಬಲ್ಲರು? ಅಮೆರಿಕದ ರಾಷ್ಟ್ರೀಯ ಚಂಡಮಾರುತ ಕೇಂದ್ರವು 2017ರಿಂದ ಕಡಲುಬ್ಬರಕ್ಕೆಂದೇ ಪ್ರತ್ಯೇಕ ಎಚ್ಚರಿಕೆ ನೀಡುತ್ತಿದೆ, ಬಲಪಡಿಸಬೇಕಾದದ್ದು ಅದನ್ನು.