ಆನ್‌ಲೈನ್ ಸಿಎಂಇ ಆ್ಯಪ್: ನಾಲ್ಕು ವರ್ಷ ದುಡ್ಡು ಕಟ್ಟಿದ ಮಕ್ಕಳ ಡಾಕ್ಟ್ರ ಅನುಭವ

ಶಿರಸೀಲಿ ನಂದೊಂದು ಮಕ್ಕಳ ಕ್ಲಿನಿಕ್ ಇದೆ, ಪಕ್ಕದಲ್ಲೇ ಎಂಟು ಬೆಡ್ಡಿನ ಸಣ್ಣ ನರ್ಸಿಂಗ್ ಹೋಮು. ಊರಲ್ಲಿ ಕೂತ ಸ್ಪೆಷಲಿಸ್ಟ್ ಡಾಕ್ಟ್ರುಗಳಿಗೆ ಈ ಸಿಎಂಇ, ಅಂದ್ರೆ ಓದು ಮುಗಿದ ಮೇಲೂ ಡಾಕ್ಟ್ರು ಮುಂದುವರಿಸೋ ಕಲಿಕೆಯ ಪೇಯ್ಡ್ ಆ್ಯಪ್‌ಗಳು ಬೇಕಾ ಬೇಡ್ವಾ ಅಂತ ಜೂನಿಯರ್‌ಗಳು ಕೇಳ್ತಾನೇ ಇರ್ತಾರೆ, ಪ್ರತಿಯೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಗಿ ಒಂದೇ ಸಲ ಬರ್ದು ಹಾಕ್ತಿದೀನಿ. ಆ್ಯಪ್ ಹೆಸರು ಹೇಳಲ್ಲ, ಬೈಯೋದು ಸ್ವಲ್ಪ ಇದೆ.

ಮೊದ್ಲು ಹೆಂಗಿತ್ತು ಅಂದ್ರೆ, ಸಿಎಂಇ ಅಂದ್ರೆ ಹುಬ್ಳಿ, ನೂರು ಕಿಲೋಮೀಟರು, ಭಾನುವಾರ ಬೆಳಿಗ್ಗೆ ಆರಕ್ಕೆ ಕಾರು ಹತ್ತೋದು. ಬೆಂಗ್ಳೂರು ಅಂದ್ರೆ ರಾತ್ರಿ ಬಸ್ಸು, ಎರಡು ದಿನ ಓಪಿಡಿ ಬಂದ್, ಹುಟ್ಟಿದ ಮಗೂನ ಬೆಚ್ಚಗಿಡೋ ವಾರ್ಮರ್‌ನಲ್ಲಿ ಮಗು ಇದ್ರೆ ಹೋಗೋದೇ ಕ್ಯಾನ್ಸಲ್. ಹೋದ್ರೂ ರಿಜಿಸ್ಟ್ರೇಷನ್ ಟೇಬಲ್ಲಲ್ಲಿ ಸೈನ್ ಹಾಕಿ, ಬ್ಯಾಗು ಪೆನ್ನು ತಗೊಂಡು, ಹಿಂದಿನ ಸಾಲಲ್ಲಿ ಬ್ಯಾಚ್‌ಮೇಟ್ ಜೊತೆ ಮಾತಾಡಿ, ಊಟ ಮಾಡಿ ವಾಪಸ್. ಸುಳ್ಳು ಯಾಕೆ ಹೇಳ್ಲಿ, ಆ ಊಟ ಈಗ್ಲೂ ಮಿಸ್ ಆಗತ್ತೆ. ಆದ್ರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಡಾಕ್ಟ್ರ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ 5 ವರ್ಷಕ್ಕೆ 30 ಗಂಟೆ ಕ್ರೆಡಿಟ್ ಬೇಕೇ ಬೇಕು, ಆಟ ಇರೋದು ಅಲ್ಲೇ.

2020ರ ಲಾಕ್‌ಡೌನಲ್ಲಿ ಫ್ರೀ ವೆಬಿನಾರುಗಳ ಸುರಿಮಳೆ ನಿಮಗೂ ನೆನಪಿರಬಹುದು, ದಿನಕ್ಕೆ ಮೂರು ಲಿಂಕು, ಕೊನೇ ಹತ್ತು ನಿಮಿಷ ಯಾವ್ದೋ ಕಂಪನಿ ಸಿರಪ್ಪು. ಅದ್ರಿಂದ ಬೇಜಾರಾಗಿ ಜಾಹೀರಾತು ಇಲ್ಲದ್ದು ಬೇಕು ಅಂತ ಆಮೇಲೆ ಈ ಆ್ಯಪ್‌ಗೆ ದುಡ್ಡು ಕಟ್ಟಿದ್ದು. ಜಾಹೀರಾತು ಇಲ್ಲ, ಆ ಮಾತು ಉಳಿಸ್ಕೊಂಡಿದಾರೆ.

ರೆಕಾರ್ಡೆಡ್ ವಿಡಿಯೋ ರಾಶಿ ರಾಶಿ ಇದೆ, ಒಂದೊಂದು ನಲವತ್ತು ನಿಮಿಷ, ಕೊನೇಲಿ ಐದು ಪ್ರಶ್ನೆ, ತಪ್ಪಾದ್ರೆ ಮತ್ತೆ ಒತ್ತಿ, ಮತ್ತೂ ತಪ್ಪಾದ್ರೆ ಮತ್ತೆ ಒತ್ತಿ, ಸರಿಯಾಗೋ ತನಕ ಒತ್ತಿ, ಆಮೇಲೆ ಸರ್ಟಿಫಿಕೇಟು. ಮೊದಲ ಆರು ತಿಂಗಳು ನಿಷ್ಠೆಯಿಂದ ನೋಟ್ಸ್ ಬರ್ಕೊಂಡೆ. ಆಮೇಲೆ ಟ್ಯಾಬ್‌ನ ಮ್ಯೂಟ್ ಮಾಡಿ ಡೈನಿಂಗ್ ಟೇಬಲ್ ಮೇಲೆ ಓಡಿಸ್ತಾ ಊಟ ಮಾಡ್ತಿದ್ದೆ. ಒಂದಿನ ಹೆಂಡತಿ ಬಂದು "ಅದು ಯಾರಿಗ್ರೀ ಪಾಠ ಮಾಡ್ತಿದೆ, ಉಪ್ಪಿನಕಾಯಿ ಬಾಟ್ಲಿಗಾ?" ಅಂದ್ಲು. ಅಂಥ ಸರ್ಟಿಫಿಕೇಟ್ ನನ್ನ ಹತ್ರ ಇಪ್ಪತ್ತಾದ್ರೂ ಇರ್ಬೇಕು.

ಅದಕ್ಕಿಂತ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ವಿಡಿಯೋ ಮೇಲೆ ತಾರೀಖೇ ಹಾಕಲ್ಲ. ನವಜಾತ ಶಿಶು ಕಾಮಾಲೆ ಮೇಲೆ ಒಂದು ಲೆಕ್ಚರ್, ಚೆನ್ನಾಗೇ ಹೇಳಿದಾರೆ, ಆದ್ರೆ ತೋರಿಸ್ತಿರೋದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2004ರ ಚಾರ್ಟು. ಅವ್ರೇ 2022ರಲ್ಲಿ ಹೊಸದು ತಂದು ಫೋಟೋಥೆರಪಿ (ಲೈಟ್ ಚಿಕಿತ್ಸೆ) ಶುರು ಮಾಡೋ ಬಿಲಿರುಬಿನ್ (ಕಾಮಾಲೆ ತರೋ ಹಳದಿ ಅಂಶ) ಮಟ್ಟಾನ ಸ್ವಲ್ಪ ಮೇಲಕ್ಕೆ ಏರಿಸಿದಾರೆ. ಹಳೇ ಚಾರ್ಟ್ ಹಿಡ್ಕೊಂಡ್ರೆ ಅಗತ್ಯ ಇಲ್ದಿರೋ ಮಗೂನೂ ತಾಯಿ ಪಕ್ಕದಿಂದ ಎತ್ತಿ ನೀಲಿ ಲೈಟ್ ಕೆಳಗೆ ಮಲಗಿಸ್ತೀವಿ. ಮೂರು ಸಲ ಮೇಲ್ ಹಾಕಿದೆ, "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಮೂರು ಸಲ ಉತ್ತರ ಬಂತು. ವಿಡಿಯೋ ಹಂಗೇ ಇದೆ.

ಇನ್ನೊಂದು, ದುಡ್ಡು ಕಟ್ಟೋ ಮುಂಚೆ ಆ ಕೋರ್ಸಿಗೆ ನಮ್ಮ ಕೌನ್ಸಿಲ್ ಕ್ರೆಡಿಟ್ ಇದ್ಯಾ ಅಂತ ಬರಹದಲ್ಲಿ ಕೇಳ್ಕೊಳ್ಳಿ. ನಾನು ಕೇಳ್ಲಿಲ್ಲ, ಸರ್ಟಿಫಿಕೇಟ್ ಮೇಲೆ ದೊಡ್ಡ ಬಂಗಾರದ ಮುದ್ರೆ ಇತ್ತು, ನಂಬಿದೆ. ರಿನ್ಯೂವಲ್ ಹೊತ್ತಲ್ಲಿ ನೋಡಿದ್ರೆ ಅರ್ಧಕ್ಕರ್ಧ ಲೆಕ್ಕಕ್ಕೇ ಬರ್ಲಿಲ್ಲ, ಕೊನೇ ಎರಡು ತಿಂಗಳು ಮತ್ತೆ ಅದೇ ಹುಬ್ಳಿ ರೋಡು.

ಹಾಗಾದ್ರೆ ನಾಲ್ಕು ವರ್ಷ ಯಾಕೆ ಕಟ್ಟಿದ್ರಿ ಅಂತೀರಾ? ಗುರುವಾರ ರಾತ್ರಿ ಒಂಬತ್ತಕ್ಕೆ ಒಂದು ಲೈವ್ ಇರತ್ತೆ, ಬರೀ ಅದಕ್ಕೆ. ಹದಿನೈದಿಪ್ಪತ್ತು ಜನ, ಎಲ್ರೂ ತಾಲೂಕು ಊರಿನವ್ರು, ಹೆಸ್ರು ಮುಖ ಏನೂ ಹೇಳ್ದೆ ನಮ್ಮದೇ ಕೇಸ್ ಇಡ್ಬೇಕು, ಒಬ್ರು ಸೀನಿಯರ್ ಮೇಡಂ ಕೂತಿರ್ತಾರೆ. ಕ್ಯಾಮೆರಾ ಆಫ್ ಮಾಡಂಗಿಲ್ಲ.

ಒಂದ್ ಸಲ ನಾನು ಬ್ರಾಂಕಿಯೋಲೈಟಿಸ್, ಅಂದ್ರೆ ಕೂಸುಗಳ ಶ್ವಾಸಕೋಶದ ಸಣ್ಣ ಕೊಳವೆಗೆ ಬರೋ ಸೋಂಕಿನ ಕೇಸ್ ಇಟ್ಟೆ, ಐದು ತಿಂಗಳ ಕೂಸು. ಸಾಲ್ಬುಟಮಾಲ್ ನೆಬ್ಯುಲೈಸೇಷನ್ (ಉಸಿರುನಾಳ ಹಿಗ್ಗಿಸೋ ಔಷಧಿನ ಮಷಿನಲ್ಲಿ ಹಬೆ ಥರ ಮಾಡಿ ಕೊಡೋದು) ಕೊಟ್ಟೆ ಅಂದೆ. ಇಂಥ ಕೂಸುಗಳಿಗೆ ಅದು ಬೇಡ ಅಂತ ಅಮೆರಿಕನ್ ಅಕಾಡೆಮಿ 2014ರಲ್ಲೇ ಹೇಳಿದೆ, ಸ್ಟೀರಾಯ್ಡೂ ಬೇಡ, ಮೂಗು ಕ್ಲೀನ್ ಮಾಡಿ, ಹಾಲು ಕುಡಿಯತ್ತಾ ನೋಡಿ, ಆಕ್ಸಿಜನ್ ಕಮ್ಮಿ ಆದ್ರೆ ಕೊಡಿ, ಅಷ್ಟೆ. ಇದು ನಂಗೆ ಗೊತ್ತಿಲ್ದೇ ಇತ್ತಾ? ಇದೇ ಆ್ಯಪಲ್ಲಿ ಎರಡು ವಿಡಿಯೋ ನೋಡಿ ಎರಡಕ್ಕೂ ಫುಲ್ ಮಾರ್ಕ್ಸ್ ತಗೊಂಡಿದ್ದೆ! ಮೇಡಂ ಬೈಲಿಲ್ಲ, "ಹೋದ ತಿಂಗಳು ಇಂಥ ಎಷ್ಟು ಮಕ್ಕಳು ಬಂದ್ರು, ಎಷ್ಟು ಜನಕ್ಕೆ ಕೊಟ್ರಿ, ಮುಂದಿನ ಗುರುವಾರ ರಿಜಿಸ್ಟರ್ ನೋಡಿ ಹೇಳಿ" ಅಂದ್ರು. ನೋಡಿದೆ. ಹತ್ತೊಂಬತ್ತು ಮಕ್ಕಳು, ಹದಿನಾರಕ್ಕೆ ಕೊಟ್ಟಿದೀನಿ. ಅಜ್ಜಿ ಮಗೂನ ತೊಡೆ ಮೇಲೆ ಹಾಕ್ಕೊಂಡು "ಡಾಕ್ಟ್ರೇ, ಎದೆ ಗೊರಗೊರ ಅಂತಿದೆ, ಮಷಿನ್ ಹಾಕದೇ ಕಳಿಸ್ತೀರಾ" ಅಂದ್ರೆ ಫುಲ್ ಮಾರ್ಕ್ಸ್ ಎಲ್ಲಿ ನೆನಪಿರತ್ತೆ. ಆ ಅಜ್ಜಿಗೆ ಏನು ಹೇಳ್ಬೇಕು ಅಂತಾನೇ ಮುಂದಿನ ಸಲ ಅರ್ಧ ಗಂಟೆ ಮಾತಾಡಿದ್ವಿ, ಅಥಣಿ ಕಡೆಯ ಒಬ್ರು ತಾವು ಹೇಳೋ ಮಾತನ್ನ ಹಂಗೇ ಹೇಳಿ ತೋರಿಸಿದ್ರು, ನಾನು ಅದನ್ನೇ ಕದ್ದು ಬಳಸ್ತಿದೀನಿ. ಹೋದ ಮಳೆಗಾಲದಲ್ಲಿ ಮತ್ತೆ ಎಣಿಸ್ದೆ, ಇಪ್ಪತ್ತೆರಡರಲ್ಲಿ ನಾಲ್ಕು.

ಈ ಪದ್ಧತಿ ಇವ್ರು ಕಂಡು ಹಿಡಿದಿದ್ದೇನಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ಯೂನಿವರ್ಸಿಟಿಯ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ (ಲಿವರ್ ಸೋಂಕು) ರೋಗಿಗಳಿಗೋಸ್ಕರ 'ಇಕೋ' ಅಂತ ಶುರು ಮಾಡಿದ್ದು, ವಿಡಿಯೋದಲ್ಲಿ ಹಳ್ಳಿ ಡಾಕ್ಟ್ರ ಕೇಸ್ ಕೇಳಿ ಅವ್ರ ಕೈಯಲ್ಲೇ ಚಿಕಿತ್ಸೆ ಕೊಡಿಸೋದು. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಲೆಕ್ಕ ಬಂತು, ಯೂನಿವರ್ಸಿಟಿ ಕ್ಲಿನಿಕ್ಕಲ್ಲಿ ವಾಸಿಯಾದವ್ರು 57.5%, ಹಳ್ಳಿ ಮತ್ತೆ ಜೈಲಿನ ಕೇಂದ್ರಗಳಲ್ಲಿ 58.2%. ನಮ್ಮ ನಿಮ್ಹಾನ್ಸ್ ಕೂಡ ಮಾನಸಿಕ ಆರೋಗ್ಯ, ವ್ಯಸನ ಚಿಕಿತ್ಸೆಗೆ ಇದೇ ದಾರೀಲಿ ಡಾಕ್ಟ್ರುಗಳಿಗೆ ಟ್ರೇನಿಂಗ್ ಕೊಡ್ತಿದೆ, ಸೈಕಿಯಾಟ್ರಿ ಕಡೆಯವ್ರು ಮೊದ್ಲು ಅದನ್ನ ನೋಡಿ.

ಸಣ್ಣ ಪುಟ್ಟದ್ದು: ಕರೆಂಟ್ ಹೋದ್ರೆ ಮೊಬೈಲ್ ಡೇಟಾದಲ್ಲೂ ಆಡಿಯೋ ಬರತ್ತೆ, ನಮ್ಮ ಜುಲೈ ಮಳೇಲಿ ಅದು ಸಣ್ಣ ಮಾತಲ್ಲ. ವಿಡಿಯೋ ಡೌನ್‌ಲೋಡ್ ಆಗಲ್ಲ. ಹೆಸ್ರಲ್ಲಿ ಇನಿಶಿಯಲ್ ತಪ್ಪು ಬಂದ್ರೆ ಸರಿ ಮಾಡ್ಸೋಕೆ ಒಂದು ತಿಂಗಳು. ಕೈಯಲ್ಲಿ ಮಾಡೋ ಕೆಲಸ, ಟ್ಯೂಬ್ ಹಾಕೋದು, ಹೊಕ್ಕುಳಲ್ಲಿ ಲೈನ್ ಹಾಕೋದು, ಇದನ್ನ ಸ್ಕ್ರೀನಲ್ಲಿ ಕಲೀತೀನಿ ಅಂತ ಯಾರೂ ಹೋಗ್ಬೇಡಿ, ಅದಕ್ಕೆ ಬೊಂಬೆ ಮುಂದೆ ನಿಂತು ಬೆವರಲೇಬೇಕು.

ಐದಕ್ಕೆ ಎರಡೂವರೆ ಸ್ಟಾರ್ ಕೊಡ್ತೀನಿ, ಅದ್ರಲ್ಲಿ ಎರಡು ಗುರುವಾರದ್ದೇ. ಬರೋ ತಿಂಗಳು ಐದನೇ ವರ್ಷದ ದುಡ್ಡು ಕಟ್ ಆಗ್ಬೇಕಿತ್ತು, ಆಟೋ ಪೇ ನಿಲ್ಲಿಸಿದೀನಿ. ಲೈವ್ ಒಂದನ್ನೇ ಬಿಡಿಯಾಗಿ ಕೊಡ್ತೀರಾ ಅಂತ ಕೇಳಿದೀನಿ, "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಬಂದಿದೆ.