ಸ್ಟೇನ್‌ಲೆಸ್ ಎಲೆಕ್ಟ್ರೋಡ್‌ಗೆ ಫೆರೋಕ್ರೋಮ್ ಪುಡಿ: ಕಾರ್ಬನ್ ನೋಡದೆ ಚೀಲ ಬಿಚ್ಚಬೇಡಿ

ಚೀಲದ ಮೇಲೆ ಬರೀ ‘ಫೆರೋಕ್ರೋಮ್ ಪೌಡರ್’ ಎಂದಿದ್ದರೆ ಆ ಕಬ್ಬಿಣ–ಕ್ರೋಮಿಯಂ ಮಿಶ್ರಲೋಹದ ಪುಡಿಯನ್ನು ಮಿಕ್ಸರ್ ಹತ್ತಿರಕ್ಕೂ ತರಬೇಡಿ. 308ಎಲ್ (ಕಡಿಮೆ ಕಾರ್ಬನ್‌ನ ಸ್ಟೇನ್‌ಲೆಸ್ ದರ್ಜೆ) ಎಲೆಕ್ಟ್ರೋಡ್‌ನ, ಅಂದರೆ ಬೆಸುಗೆ ಕಡ್ಡಿಯ, ಒಂದು ಬ್ಯಾಚ್ ಪೂರ್ತಿ ಗುಜರಿ ಸೇರಿದ್ದು ಇದೊಂದೇ ಕಾರಣಕ್ಕೆ. ಕಡ್ಡಿಯ ಮೇಲಿನ ಕೋಟಿಂಗ್‌ಗೆ ಲೋ ಕಾರ್ಬನ್ ಪುಡಿ ಬೀಳಬೇಕಿತ್ತು, ಬಿದ್ದದ್ದು ಹೈ ಕಾರ್ಬನ್.

ಕಣ್ಣಿಗೆ ಎರಡೂ ಒಂದೇ ಬೂದು ಪುಡಿ, ಎರಡರಲ್ಲೂ ಕ್ರೋಮಿಯಂ ಶೇ. 60–70ರ ಆಸುಪಾಸು. ಕಾರ್ಬನ್ ಮಾತ್ರ ಹೈನಲ್ಲಿ ಶೇ. 6–8, ಒಳ್ಳೆಯ ಲೋ ದರ್ಜೆಯಲ್ಲಿ ಶೇ. 0.1ಕ್ಕಿಂತ ಕಡಿಮೆ. ಹೈ ಕಾರ್ಬನ್ ಪೆಡಸು, ಗಿರಣಿಯಲ್ಲಿ ಬೇಗ ಪುಡಿಯಾಗುತ್ತದೆ, ಬೆಲೆಯೂ ಕಡಿಮೆ. ಲೋ ಕಾರ್ಬನ್ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಅಗ್ಗಕ್ಕೆ ಸಿಕ್ಕ ‘ಲೋ ಕಾರ್ಬನ್’ ಚೀಲದ ಮೇಲೆ ಮೊದಲು ಅನುಮಾನ ಪಡಿ.

ಹಾಗಂತ ತಪಾಸಣೆ ಆಗಿರಲಿಲ್ಲ ಎಂದಲ್ಲ. ಎಕ್ಸ್‌ರೇ ಬಿಟ್ಟು ಲೋಹದ ಧಾತು ಗುರುತಿಸುವ ಎಕ್ಸ್‌ಆರ್‌ಎಫ್ ಗನ್ ಹಿಡಿದು ನೋಡಿದ್ದರು. ಕ್ರೋಮಿಯಂ ಸರಿ, ಕಬ್ಬಿಣ ಸರಿ, ಪಾಸ್. ಆ ಗನ್‌ಗೆ ಕಾರ್ಬನ್ ಕಾಣುವುದೇ ಇಲ್ಲ. ಪುಡಿಯನ್ನು ಆಮ್ಲಜನಕದಲ್ಲಿ ಉರಿಸಿ ಇನ್‌ಫ್ರಾರೆಡ್‌ನಲ್ಲಿ ಅಳೆಯುವ ಕಾರ್ಬನ್ ಅನಲೈಸರ್ ವರದಿಯೇ ಬೇಕು, ಅದೂ ಪ್ರತಿ ಲಾಟ್‌ಗೆ.

ಲೆಕ್ಕ ಹಾಕಿ ನೋಡಿ. 100 ಕೆ.ಜಿ. ವೆಲ್ಡ್ ಲೋಹಕ್ಕೆ ಶೇ. 7 ಕಾರ್ಬನ್ ಇರುವ ಪುಡಿ 5 ಕೆ.ಜಿ. ಸೇರಿದರೆ 350 ಗ್ರಾಂ ಕಾರ್ಬನ್ ಬಂತು. ಆರ್ಕ್‌ನಲ್ಲಿ ಅರ್ಧ ಸುಟ್ಟುಹೋಯಿತೆಂದರೂ ಉಳಿಯುವುದು ಶೇ. 0.17. 308ಎಲ್‌ಗೆ ಮಿತಿ ಶೇ. 0.04.

ವೆಲ್ಡರ್‌ಗೆ ಏನೂ ಗೊತ್ತಾಗುವುದಿಲ್ಲ. ಆರ್ಕ್ ಚೆನ್ನಾಗಿ ನಿಲ್ಲುತ್ತದೆ, ಸ್ಲ್ಯಾಗ್ ಬಿಡುತ್ತದೆ, ಬೀಡ್ ಹೊಳೆಯುತ್ತದೆ. ಆದರೆ ಒಂದರ ಮೇಲೊಂದು ಬೆಸುಗೆಯ ಪದರ ಬಿದ್ದಂತೆ ಕೆಳಗಿನ ಲೋಹ 450–850 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಾಗ ಕಾರ್ಬನ್ ಹೋಗಿ ಕ್ರೋಮಿಯಂ ಹಿಡಿದು ಕಣಗಳ ಅಂಚಿನಲ್ಲಿ ಕಾರ್ಬೈಡ್ ಆಗಿ ಕೂರುತ್ತದೆ. ಅಂಚಿನ ಪಕ್ಕದ ಲೋಹಕ್ಕೆ ತುಕ್ಕು ತಡೆಯುವಷ್ಟು ಕ್ರೋಮಿಯಂ ಉಳಿಯುವುದಿಲ್ಲ. ಆಮ್ಲ ತಾಕಿದ ಮೇಲೆ ಬೆಸುಗೆ ಒಳಗಿನಿಂದಲೇ ಸಡಿಲವಾಗುತ್ತದೆ.

ಶಾಪ್‌ನಲ್ಲೇ ಮೊದಲ ಸುಳಿವು ಕೊಡುವುದು ಫೆರೈಟ್ ಮೀಟರ್; ಬೆಸುಗೆಯಲ್ಲಿ ಅಯಸ್ಕಾಂತಕ್ಕೆ ಅಂಟುವ ಫೆರೈಟ್ ಎಷ್ಟಿದೆ ಎಂದು ಅದು ಅಳೆಯುತ್ತದೆ. 308ಎಲ್ ಬೆಸುಗೆ ಲೋಹದಲ್ಲಿ ಸಾಮಾನ್ಯವಾಗಿ 3ರಿಂದ 10 ಎಫ್‌ಎನ್ (ಫೆರೈಟ್ ಸಂಖ್ಯೆ) ಸಿಗಬೇಕು. ರಾಸಾಯನಿಕ ಅಂಶ ನೋಡಿ ಫೆರೈಟ್ ಅಂದಾಜಿಸುವ ಶೆಫ್ಲರ್ ನಕ್ಷೆಯಲ್ಲಿ, ಫೆರೈಟ್ ತಗ್ಗಿಸುವ ವಿಷಯದಲ್ಲಿ ಕಾರ್ಬನ್‌ಗೆ ನಿಕ್ಕಲ್‌ನ 30 ಪಟ್ಟು ತೂಕ; ಕಾರ್ಬನ್ ಏರಿದರೆ ಮೀಟರ್ ಸೊನ್ನೆಯತ್ತ ಜಾರುತ್ತದೆ, ಜೊತೆಗೆ ಬಿಸಿ ಬಿರುಕಿನ ಭಯ. ಖಾತ್ರಿಗೆ ಎಎಸ್‌ಟಿಎಂ ಎ262 ಮಾನದಂಡದ ಆಕ್ಸಾಲಿಕ್ ಆಮ್ಲದ ಪರೀಕ್ಷೆ ಮಾಡಿ: ಶೇ. 10 ದ್ರಾವಣ, ಚದರ ಸೆಂ.ಮೀ.ಗೆ 1 ಆಂಪಿಯರ್, 90 ಸೆಕೆಂಡ್. ಸೂಕ್ಷ್ಮದರ್ಶಕದಲ್ಲಿ ಕಣಗಳ ಸುತ್ತ ಕಾಲುವೆ ತೋಡಿದಂತೆ ಕಂಡರೆ ಆ ಲಾಟ್ ಅಲ್ಲೇ ನಿಲ್ಲಿಸಿ, ಮುಂದಿನ ಪರೀಕ್ಷೆಗೆ ಕಳಿಸಿ.

ಹೈ ಕಾರ್ಬನ್ ಪುಡಿ ಕೆಟ್ಟದ್ದೇನಲ್ಲ. ಸವೆತ ತಡೆಯಲು ಮೇಲೆ ಗಟ್ಟಿ ಲೋಹ ಹೊದಿಸುವ ಹಾರ್ಡ್‌ಫೇಸಿಂಗ್‌ಗೆ ಅದೇ ಬೇಕು, ಅಲ್ಲಿ ಕಾರ್ಬೈಡ್‌ಗಾಗಿಯೇ ಹಾಕುವುದು. ಎರಡಕ್ಕೂ ಬೇರೆ ಕೋಣೆ, ಬೇರೆ ಬಣ್ಣದ ಡಬ್ಬ, ಬೇರೆ ಸೌಟು ಇಡಿ. ಹಾರ್ಡ್‌ಫೇಸಿಂಗ್ ಮಿಶ್ರಣ ಮಾಡಿದ ಮಿಕ್ಸರ್‌ನ ಮೂಲೆ, ಬ್ಲೇಡಿನ ಹಿಂದಿನ ಸಂದು ಕೆರೆದು ತೆಗೆಯದೆ ಸ್ಟೇನ್‌ಲೆಸ್ ಬ್ಯಾಚ್ ಹಾಕಲೇಬೇಡಿ.

ತಪ್ಪು ಪುಡಿಯ ಎಲೆಕ್ಟ್ರೋಡ್ ತಯಾರಾಗಿದ್ದರೆ ಮತ್ತೆ ಬೇಯಿಸಿ ಪ್ರಯೋಜನವಿಲ್ಲ. ಒಲೆಯಲ್ಲಿ ತೇವ ಹೋಗುತ್ತದೆ, ಕಾರ್ಬನ್ ಹೋಗುವುದಿಲ್ಲ.