ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್: ವರ್ಷಕ್ಕೂ ಮೇಲೆ ಆಡಿಸಿದ ಡಿಎಂ ಮಾತು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಅದರ ನಿಯಮದ ಪುಸ್ತಕ, ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್, ಬಂದಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಆಗಿನಿಂದ ನಮ್ಮ ಮನೆಯ ಶನಿವಾರದ ಆಟ ಇದರಲ್ಲೇ ನಡೆಯುತ್ತಿದೆ. ಐದು ಜನ ಆಡುತ್ತಾರೆ, ನಾನು ಡಿಎಂ, ಅಂದರೆ ಕಥೆ ನಡೆಸುವ, ಶತ್ರುಗಳ ಪರ ದಾಳ ಹಾಕುವ ಡಂಜನ್ ಮಾಸ್ಟರ್. ಅದಕ್ಕೂ ಮೊದಲು ಏಳು ವರ್ಷ 2014ರ ಪುಸ್ತಕ ಇಟ್ಟುಕೊಂಡು ಆಡಿಸಿದ್ದೇನೆ.

ಅಭಿಮಾನಿಗಳ ಜಗಳವೆಲ್ಲ ಒಂದೇ ಪ್ರಶ್ನೆಗೆ: ಇದು ಹೊಸ ಆವೃತ್ತಿಯೋ, ಹಳೆಯದಕ್ಕೆ ಮಾಡಿದ ರಿಪೇರಿಯೋ? ಪ್ರಕಾಶಕರು ಆರನೇ ಆವೃತ್ತಿ ಅನ್ನಲಿಲ್ಲ. ಐದನೆಯದೇ, ಹಳೇ ಪುಸ್ತಕಗಳ ಜೊತೆ ಹೊಂದುತ್ತದೆ ಅಂದರು. ಆಟಗಾರರು ತಾವೇ 5.5 ಅಂತ ಕರೆಯತೊಡಗಿದರು. 2008ರಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಬಳಗವೇ ಒಡೆದು, ಎಷ್ಟೋ ಜನ ಮರುವರ್ಷ ಬಂದ ಪಾತ್‌ಫೈಂಡರ್ ಅನ್ನೋ ಇನ್ನೊಂದು ಆಟದ ಕಡೆ ಹೋದರು. ಹಾಗಾಗಿ ಈ ಪ್ರಶ್ನೆ ಸುಮ್ನೆ ಹೆಸರಿನ ಜಗಳ ಅಲ್ಲ. ನಾನು ಕಂಡ ಮಟ್ಟಿಗೆ ಪ್ರಕಾಶಕರ ಮಾತು ಅರ್ಧ ನಿಜ. ಹಳೇ ಸಾಹಸಗಳು, ಅಂದರೆ ಆಡಿಸಲು ಸಿದ್ಧ ಕಥೆಗಳು, ಚೆನ್ನಾಗಿ ನಡೆಯುತ್ತವೆ. ಆದರೆ ಹಳೇ ನಿಯಮದ ಪಾತ್ರ, ಹೊಸ ನಿಯಮದ ಪಾತ್ರ ಒಂದೇ ಮೇಜಿನಲ್ಲಿ ಬೇಡ.

ಮೊದಲ ಮೂರು ತಿಂಗಳು ಬೆರೆಸಿಯೇ ಆಡಿದೆವು. ಕ್ಯೂರ್ ವೂಂಡ್ಸ್ ಅಂತ ಒಂದು ಸ್ಪೆಲ್, ಅಂದರೆ ಮಂತ್ರ, ಇದೆ. ಹಳೇ ಪಾತ್ರದ ಹಾಳೆಯಲ್ಲಿ ಗಾಯ ಮಾಯಲು ಒಂದು ಎಂಟು ಮುಖದ ದಾಳ, ಹೊಸದರಲ್ಲಿ ಎರಡು. ಅದೇನೋ ಸರಿ, ಎಲ್ಲರಿಗೂ ಹೊಸ ಸ್ಪೆಲ್ಲೇ ಅಂದೆ. ಕಷ್ಟ ಆಗಿದ್ದು ನನ್ನ ತಮ್ಮನ ಪ್ಯಾಲಡಿನ್‌ನಿಂದ, ಅಂದರೆ ದೈವಬಲದ ಯೋಧನಿಂದ. ಹಳೇ ನಿಯಮದಲ್ಲಿ ಏಟಿನ ಗಾಯ ಹೆಚ್ಚಿಸುವ ಡಿವೈನ್ ಸ್ಮೈಟ್ ಸ್ಪೆಲ್ ಅಲ್ಲ, ಕ್ಲಾಸ್‌ನ (ಪಾತ್ರದ ವೃತ್ತಿಯ) ಶಕ್ತಿ. ಒಂದೇ ಸರದಿಯಲ್ಲಿ ಎರಡು ಏಟು ಬಿದ್ದರೆ ಎರಡಕ್ಕೂ ಸ್ಮೈಟ್ ಸುರಿಯಬಹುದು. ಹೊಸದರಲ್ಲಿ ಅದು ಸ್ಪೆಲ್, ಬೋನಸ್ ಆಕ್ಷನ್ (ಸರದಿಯಲ್ಲಿ ಸಿಗುವ ಒಂದು ಚಿಕ್ಕ ಹೆಚ್ಚುವರಿ ಕ್ರಿಯೆ) ಬೇಕು, ಸರದಿಗೆ ಒಂದೇ ಸಲ. ಪಕ್ಕದಲ್ಲೇ ಹೊಸ ಪ್ಯಾಲಡಿನ್ ಆಡುತ್ತಿದ್ದ ಹುಡುಗಿ ಸುಮ್ಮನೆ ಅವನ ದಾಳ ಎಣಿಸುತ್ತಿದ್ದಳು. ಅವಳ ಮುಖ ನೋಡಿದ ಮೇಲೆ ಜನವರಿಯಲ್ಲಿ ಎಲ್ಲರ ಹಾಳೆಯನ್ನೂ ಹೊಸದಾಗಿ ಬರೆಸಿದೆ.

ಇನ್ನು ಈ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ವೆಪನ್ ಮಾಸ್ಟರಿ. ಮೊದಲೆಲ್ಲ ಫೈಟರ್ ಆಡುವವನಿಗೆ ಸರದಿ ಬಂದರೆ "ಹೊಡೀತೀನಿ" ಅನ್ನುವುದೊಂದೇ ಕೆಲಸ. ಈಗ ಒಂದೊಂದು ಆಯುಧಕ್ಕೆ ಒಂದೊಂದು ಪಟ್ಟು. ನಮ್ಮ ಫೈಟರ್ ಕೈಯಲ್ಲಿ ಬ್ಯಾಟಲ್‌ಆಕ್ಸ್, ಅದರ ಪಟ್ಟು ಟಾಪಲ್, ಶತ್ರುವನ್ನು ಕೆಡವುವುದು. ಮೂರನೇ ಲೆವೆಲ್‌ನಲ್ಲಿ ಸೇತುವೆ ಮೇಲೆ ಓಗರ್ ಅನ್ನೋ ಒಂದು ದೈತ್ಯ ಅಡ್ಡ ನಿಂತಿತ್ತು. ಕೊಡಲಿ ಏಟು ಬಿತ್ತು. ಬೀಳದಿರಲು ಓಗರ್ 13 ಮುಟ್ಟಬೇಕು. ನಾನು ದಾಳ ಹಾಕಿದೆ, 6 ಬಿತ್ತು, ಓಗರ್‌ನ ಮೈಕಟ್ಟಿಗೆ ಸಿಗುವ ಮೂರು ಕೂಡಿದರೂ ಒಂಬತ್ತೇ. ಅಷ್ಟು ದೊಡ್ಡ ಪ್ರಾಣಿ ಹಲಗೆ ಮೇಲೆ ಧೊಪ್ಪನೆ ಬಿತ್ತು, ಉಳಿದವರೆಲ್ಲ ಮುತ್ತಿಕೊಂಡರು. ಎರಡು ವರ್ಷದಿಂದ ಮೂಲೆಯಲ್ಲಿ ಕೂತು ಫೋನ್ ನೋಡುತ್ತಿದ್ದ ಹುಡುಗ ಎದ್ದು ನಿಂತು ಕೂಗಿದ. ಐದನೇ ಲೆವೆಲ್‌ನಿಂದ ಏಟು ಎರಡಾಗುತ್ತವೆ, ನನಗೆ ದಾಳ ಹಾಕುವ ಕೆಲಸವೂ ಜಾಸ್ತಿ. ಯುದ್ಧ ಸ್ವಲ್ಪ ನಿಧಾನ ಆಗುತ್ತದೆ, ಪರವಾಗಿಲ್ಲ.

ಅಡಗಿಕೊಳ್ಳುವ ನಿಯಮ ಮಾತ್ರ ಸರಿಯಾಗಿ ಬರೆದಿಲ್ಲ. ಮರೆಯಲ್ಲಿ ನಿಂತು ಸ್ಟೆಲ್ತ್ (ಸದ್ದಿಲ್ಲದೆ ಅಡಗುವ ಕೌಶಲ) ದಾಳದಲ್ಲಿ 15 ತಂದರೆ 'ಇನ್ವಿಸಿಬಲ್' (ಅದೃಶ್ಯ) ಸ್ಥಿತಿ ಸಿಗುತ್ತದೆ. ಶಬ್ದ ಮಾಡಿದರೆ, ಶತ್ರು ಪತ್ತೆ ಮಾಡಿದರೆ, ದಾಳಿ ಮಾಡಿದರೆ, ಬಾಯಿಬಿಟ್ಟು ಮಂತ್ರ ಹೇಳಿದರೆ ಅದು ಹೋಗುತ್ತದೆ. ಬಯಲಿಗೆ ಬಂದರೆ? ಅದು ಆ ಪಟ್ಟಿಯಲ್ಲಿಲ್ಲ. ನಮ್ಮ ರೋಗ್, ಅಂದರೆ ಕಳ್ಳನ ಪಾತ್ರ ಆಡುವವನು, ಕಂಬದ ಹಿಂದೆ ಅಡಗಿ, ಗಾಬ್ಲಿನ್ ಕಣ್ಣೆದುರೇ ನಡೆದು ಹೋಗ್ತೀನಿ ಅಂದ. "ಕಾಣ್ತೀನಿ ಅಂತ ಎಲ್ಲಿ ಬರೆದಿದೆ ತೋರ್ಸಿ ಅಣ್ಣಾ" ಅಂತ ಪುಸ್ತಕ ನನ್ನ ಮುಂದೆ ತಳ್ಳಿದ. ಇಪ್ಪತ್ತು ನಿಮಿಷ ವಾದ ಆಯಿತು. ಕಣ್ಣೆದುರಿಗೆ ಬಂದರೆ ಶತ್ರು ಪತ್ತೆ ಮಾಡಿದ ಹಾಗೇ ಲೆಕ್ಕ ಅಂತ ತೀರ್ಮಾನ ಕೊಟ್ಟೆ. ಇದನ್ನು ಪುಸ್ತಕವೇ ಒಂದು ಸಾಲಿನಲ್ಲಿ ಹೇಳಬಹುದಿತ್ತು, ಅಲ್ವಾ?

ಇನ್ನೊಂದು ಬೇಸರ, ಬ್ಯಾಕ್‌ಗ್ರೌಂಡ್. ಈಗ ಶಕ್ತಿ, ಬುದ್ಧಿಯ ಹೆಚ್ಚುವರಿ ಅಂಕ ಬರುವುದು ಪಾತ್ರದ ಹಿನ್ನೆಲೆಯಿಂದ. ಒಬ್ಬಳು ತನ್ನ ಪಾತ್ರ ರೈತರ ಮನೆ ಹುಡುಗಿ, ವಿಝರ್ಡ್ (ಮಂತ್ರವಾದಿ) ಆಗಬೇಕು ಅಂದಳು. ಫಾರ್ಮರ್ ಬ್ಯಾಕ್‌ಗ್ರೌಂಡ್ ತಗೊಂಡರೆ ವಿಝರ್ಡ್‌ಗೆ ಬೇಕಾದ ಇಂಟೆಲಿಜೆನ್ಸ್‌ಗೆ ಒಂದು ಅಂಕವೂ ಇಲ್ಲ. ಹೊಲದಲ್ಲಿ ಬೆಳೆದವಳಿಗೆ ಬುದ್ಧಿ ಕಡಿಮೆಯಾ? ಆ ಸಂಜೆ ನನಗೆ ನಿಜವಾಗಿ ಸಿಟ್ಟು ಬಂತು. ಸ್ವಂತ ಬ್ಯಾಕ್‌ಗ್ರೌಂಡ್ ಕಟ್ಟುವ ಕ್ರಮ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿದೆ, ಆದರೆ ಅದು ಬಂದಿದ್ದು ನವೆಂಬರ್‌ಗೆ. ಅಲ್ಲಿವರೆಗೆ ಕಾಯದೆ ಅಂಕ ಬದಲಾಯಿಸಿ ಕೊಟ್ಟೆ.

ಪುಸ್ತಕ 384 ಪುಟ, ಹಳೆಯದಕ್ಕಿಂತ 64 ಜಾಸ್ತಿ. ಕೊನೆಯಲ್ಲಿ ನಿಯಮಗಳ ಪದಕೋಶ ಇದೆ, ಅಕಾರಾದಿಯಲ್ಲಿ. ಅಲ್ಲಿ ಬಸ್ ಟಿಕೆಟ್ ಇಟ್ಟು ಗುರುತು ಮಾಡಿದ್ದೇನೆ, ಆ ಪುಟಗಳ ಅಂಚು ಆಗಲೇ ಕಪ್ಪಾಗಿದೆ.

ಹಳೇ ಪಾತ್ರ ಅರ್ಧದಲ್ಲಿದ್ದರೆ ಆ ಕಥೆ ಮುಗಿಸಿಯೇ ಇದಕ್ಕೆ ಬನ್ನಿ. ದುಡ್ಡು ಕೊಡುವ ಮೊದಲು 2025ರ ಏಪ್ರಿಲ್‌ನಲ್ಲಿ ಬಿಟ್ಟ ಎಸ್‌ಆರ್‌ಡಿ 5.2, ಅಂದರೆ ಮೂಲ ನಿಯಮಗಳ ಕಡತ, ಇಳಿಸಿಕೊಂಡು ಓದಿ. ಪುಕ್ಕಟೆ ಸಿಗುತ್ತದೆ, ಹನ್ನೆರಡು ಕ್ಲಾಸ್‌ಗಳೂ ಇವೆ, ವೆಪನ್ ಮಾಸ್ಟರಿಯೂ ಇದೆ. ಒಂದು ಫೈಟರ್ ಮಾಡಿ, ಕೈಗೆ ಕೊಡಲಿ ಕೊಟ್ಟು ಒಂದು ಸಂಜೆ ಆಡಿ ನೋಡಿ.